ಮೇಜಿನ ಮೇಲೆ ಬಂದ ಈಳಿಗೆಮಣೆ

ಕೈಯಲ್ಲಿ ಏನೂ ಇಲ್ಲದಾಗಲೂ ಜಯಮ್ಮನವರ ಬೆರಳುಗಳು ಹುರುಳಿಕಾಯಿ ಹೆಚ್ಚುತ್ತಿದ್ದವು. ಎನ್.ಆರ್. ಕಾಲೋನಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿ ಅವರು ಕಾಲೆತ್ತಿ ಹಿಡಿಯುವಾಗ ಹತ್ತರವರೆಗಿನ ಎಣಿಕೆ ನನ್ನದು, ತಾಳ ಅವರ ಬೆರಳಿನದು. ಕಲ್ಯಾಣ ಮಂಟಪಗಳಲ್ಲಿ ವರ್ಷಾನುಗಟ್ಟಲೆ ತರಕಾರಿ ಹೆಚ್ಚಿದವರು, ಐದು ಹೆಂಗಸರ ತಂಡಕ್ಕೆ ಯಜಮಾನಿ.

ಒದ್ದೆ ನೆಲದ ಮೇಲೆ ಕುಂಬಳಕಾಯಿ ಎತ್ತಿಕೊಂಡು ತಿರುಗುವಾಗ ಮಂಡಿ ತಿರುಚಿ, ಒಳಗಿನ ಮೃದ್ವಸ್ಥಿ ಹರಿದಿತ್ತು. ಮೂರು ತಿಂಗಳು ವ್ಯಾಯಾಮ ಮಾಡಿಸಿ, ಆಗದಿದ್ದರೆ ಸಣ್ಣ ತೂತಿನ ಆಪರೇಷನ್ ಎಂದು ಡಾಕ್ಟರು ಕಳಿಸಿದ್ದರು. ಜಯಮ್ಮನವರಿಗೆ ಬೇಕಾಗಿದ್ದು ಒಂದೇ. ನೆಲದ ಮೇಲೆ ಕೂತು, ಈಳಿಗೆಮಣೆಯನ್ನು ಕಾಲಲ್ಲಿ ಅದುಮಿಕೊಂಡು ಮತ್ತೆ ಹೆಚ್ಚಬೇಕು. ಅದಿಲ್ಲದಿದ್ದರೆ ಕೆಲಸವಿಲ್ಲ. ನಾನಾಗ ಹೊಸಬಳು, ಹುಮ್ಮಸ್ಸು ಜಾಸ್ತಿ. "ಮೂರೇ ತಿಂಗಳು, ಕೂರಿಸ್ತೀನಿ ನೋಡಿ" ಎಂದುಬಿಟ್ಟೆ.

ಅವರು ಒಂದು ದಿನವೂ ತಪ್ಪಿಸಲಿಲ್ಲ. ಊತ ಹೋಯಿತು, ಮೆಟ್ಟಿಲು ಹತ್ತಿದರು, ಆಪರೇಷನ್ ಬೇಡ ಎಂದರು ಡಾಕ್ಟರು. ಆದರೆ ನೆಲಕ್ಕೆ ಕೂತರೆ ಮರುದಿನವೇ ಮಂಡಿ ಬಾತುಕೊಳ್ಳುತ್ತಿತ್ತು. ಕೊನೆಗೆ ನಾನೇ ಹೇಳಬೇಕಾಯಿತು: "ಅಮ್ಮಾ, ನೆಲಕ್ಕೆ ಕೂರೋದು ಇನ್ನು ಬೇಡ." ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಬೆರಳು ನೋಡಿದೆ, ಅವು ಆಡುತ್ತಿರಲಿಲ್ಲ.

ಎರಡು ದಿನ ಬಿಟ್ಟು, ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಈಳಿಗೆಮಣೆ ತಂದು ನನ್ನ ಮೇಜಿನ ಮೇಲೇ ಇಟ್ಟರು.

"ನಾನು ಕೆಳಗೆ ಇಳೀಬಾರ್ದು ಅಂದ್ರಲ್ಲ, ಇದನ್ನೇ ಮೇಲಕ್ಕೆ ತಂದಿದೀನಿ. ಎಷ್ಟು ಎತ್ತರ ಇರ್ಬೇಕು ಅಳೀರಿ ಮೇಡಂ."

ಕುರ್ಚಿಯಲ್ಲಿ ಕೂರಿಸಿ ಅಳೆದೆ. ಎತ್ತರದಲ್ಲಿ ಕಾಲಲ್ಲಿ ಅದುಮುವಂತಿಲ್ಲವಲ್ಲ, ಶಂಕರಪುರಂನ ಬಡಗಿಯೊಬ್ಬರ ಕೈಲಿ ಮಣೆಯನ್ನು ಬೆಂಚಿಗೆ ಸ್ಕ್ರೂ ಹಾಕಿಸಿದರು. ಅಡುಗೆಯವರೆಲ್ಲ ನಕ್ಕರಂತೆ. "ನಗ್ಲಿ ಬಿಡಿ, ಅವ್ರ ಮಂಡಿಗೂ ವಯಸ್ಸಾಗತ್ತೆ" ಎಂದರು ಜಯಮ್ಮನವರು. ನಾನು ಮಂಡಿಯನ್ನಷ್ಟೇ ನೋಡಿದ್ದೆ. ಬೇರೆ ಥರ ಕೂತು ಆ ಕೆಲಸ ಮಾಡಬಹುದೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ಯಾರು ಬಂದರೂ ಮೊದಲು ಅದನ್ನೇ ಕೇಳುತ್ತೇನೆ.

ಹೋದ ತಿಂಗಳು ಚಾಮರಾಜಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಅಡುಗೆಮನೆಗೆ ಇಣುಕಿದರೆ ಉದ್ದನೆಯ ಬೆಂಚು, ಸಾಲಾಗಿ ಈಳಿಗೆಮಣೆಗಳು, ಕುರ್ಚಿಯಲ್ಲಿ ಕೂತ ಹೆಂಗಸರು. ಸಂಜೆಯ ಆರತಕ್ಷತೆಗೆ ಹೆಚ್ಚುತ್ತಿದ್ದರು. ಜಯಮ್ಮನವರು ಎಲ್ಲಿ ಎಂದೆ.

"ಹೋದ ವರ್ಷ ತೀರ್ಕೊಂಡ್ರು, ಹಾರ್ಟು. ಹಿಂದಿನ ದಿನದವರೆಗೂ ಹೆಚ್ಚುತಾನೇ ಇದ್ರು" ಎಂದರು ತುದಿಯಲ್ಲಿ ಕೂತಿದ್ದವರು.

ತಲೆ ತಗ್ಗಿಸಿದಾಗ ಬೆಂಚಿನ ಕೆಳಗೆ ಕಂಡಿತು. ಒಬ್ಬೊಬ್ಬರ ಕಾಲೂ ನೆಟ್ಟಗೆ ಮುಂದಕ್ಕೆ ಚಾಚಿ, ಹತ್ತು ಎಣಿಸುವಷ್ಟು ಹೊತ್ತು ನಿಂತು, ಇಳಿಯುತ್ತಿತ್ತು.

ನಾನು ನೋಡುತ್ತಿದ್ದುದನ್ನು ಕಂಡು ತುದಿಯಲ್ಲಿದ್ದವರೇ ಒಂದು ಸ್ಟೂಲು ಎಳೆದರು. "ಕೂತ್ಕೊಳ್ಳಿ ಮೇಡಂ, ನಿಮಗೂ ಹೇಳ್ಕೊಡ್ತೀನಿ. ಮಂಡಿಗೆ ಒಳ್ಳೇದು."

ನಾನು ಯಾರೆಂದು ಹೇಳಲಿಲ್ಲ. ಕೂತು ಕಾಲು ಚಾಚಿದೆ.

"ಇನ್ನೂ ನೆಟ್ಟಗೆ" ಎಂದರು.