ತುಳಸಿ ತೆರೆದ ವರದಿ

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ತುಳಸಿ ಕಾರ್ಖಾನೆ ಕೂಲಿಯೊಬ್ಬರ ಮಗಳು. ಹಗಲು ಹೊಸಪೇಟೆಯ ಲಾರಿ ಆಫೀಸಿನಲ್ಲಿ ದುಡಿದು, ಸಂಜೆ ಗಿರೀಶ್ ಮೇಷ್ಟ್ರ ಬಳಿ ಎಥಿಕಲ್ ಹ್ಯಾಕಿಂಗ್ ಕಲಿಯುತ್ತಿದ್ದಳು. ಕಳ್ಳರಿಗಿಂತ ಮೊದಲೇ ಕಂಪ್ಯೂಟರಿನ ದೋಷ ಹುಡುಕಿ, ಅದರ ಮಾಲೀಕರನ್ನು ಎಚ್ಚರಿಸುವ ಕೆಲಸವದು. ಎರಡನೇ ಪ್ರಯತ್ನಕ್ಕೆ ಆ ಕೆಲಸಕ್ಕೆ ಬೇಕಾದ ಸಿಇಎಚ್ ಎಂಬ ಪರೀಕ್ಷೆ ಪಾಸಾದಳು. ಹುಬ್ಬಳ್ಳಿಯ ಕಂಪನಿಯೊಂದು ಕೆಲಸದ ಪತ್ರ ಕಳಿಸಿತು.

ಆ ವಾರವೇ ಹೊಸಪೇಟೆಯ ಸೆಂಟರೊಂದರಲ್ಲಿ ಅವ್ವನ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಸೆಂಟರಿನವರು ವರದಿಯನ್ನು ನೋಡಲು ಮೊಬೈಲಿಗೆ ಲಿಂಕ್ ಕಳಿಸಿದರು. ಅದರ ಕೊನೆಗೊಂದು ಸಂಖ್ಯೆಯಿತ್ತು. ತುಳಸಿ ಒಂದು ಅಂಕಿ ಬದಲಿಸಿ ನೋಡಿದಳು. ಪಾಸ್‌ವರ್ಡ್ ಕೇಳದೆಯೇ ಬೇರೆ ಯಾರದೋ ವರದಿ ತೆರೆದುಕೊಂಡಿತು. ಖಾತ್ರಿ ಮಾಡಿಕೊಳ್ಳಲು ಇನ್ನೊಂದನ್ನು ತೆರೆದಳು. ಅದು ಅವರದೇ ಓಣಿಯ ಕೊಟ್ರಯ್ಯನದು. ಲಿವರಿನಲ್ಲಿ ದೊಡ್ಡ ಗಡ್ಡೆ ಎಂದಿತ್ತು.

ಮರುದಿನ ಬಸ್ಸಿಗೆ ನಿಂತಾಗ ಕೊಟ್ರಯ್ಯನೇ ಸಿಕ್ಕ. "ಬರೇ ಗ್ಯಾಸ್ಟ್ರಿಕ್ ಅಂತವ್ವಾ. ರಿಪೋರ್ಟ್ ನೋಡಿ ಮಗಳು ಹೇಳಿದ್ಲು," ಎಂದು ನಕ್ಕ. ತುಳಸಿ ನಿಜ ಹೇಳದೆ ಬಸ್ಸು ಹತ್ತಿದಳು.

ಹೊಸಪೇಟೆಯಲ್ಲಿ ಇಳಿದವಳೇ ಸ್ಕ್ಯಾನಿಂಗ್ ಸೆಂಟರಿಗೆ ಹೋದಳು. ಮಾಲೀಕ ರೇವಣಸಿದ್ದ ಕುರ್ಚಿಯಲ್ಲಿದ್ದರು.

"ಸರ್, ನಿಮ್ಮ ವೆಬ್‌ಸೈಟ್‌ನ್ಯಾಗ ಯಾರ ರಿಪೋರ್ಟ್ ಬೇಕಾದ್ರೂ ಯಾರ್ ಬೇಕಾದ್ರೂ ನೋಡಬಹುದ್ರಿ. ಜಲ್ದಿ ಸರಿ ಮಾಡಸ್ರಿ," ಎಂದು ಮೊಬೈಲ್ ತೋರಿಸಿದಳು.

"ನೋಡಂತ ನಿನಗ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ರಿ."

"ಬಾಯಿ ಮುಚ್ಚಾಕ ಎಷ್ಟು ಬೇಕು?"

"ಏನೂ ಬ್ಯಾಡ್ರಿ ಸರ್," ಎಂದಳು. ಅವರು ನಂಬಲಿಲ್ಲ. ಅವಳು ಹೊರಬಿದ್ದ ಮೇಲೆ ಪೊಲೀಸರಿಗೆ ದೂರು ಕೊಟ್ಟರು.

ಇನ್‌ಸ್ಪೆಕ್ಟರ್ ಅವಳನ್ನು ಠಾಣೆಗೆ ಕರೆಸಿ, ಕೂರಿಸಿಯೇ ಮಾತಾಡಿಸಿದರು. ಮಾಲೀಕರ ಅನುಮತಿ ಪತ್ರ ಇದೆಯೇ ಎಂದು ಕೇಳಿದರು. ಇರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅರವತ್ತಾರನೇ ಸೆಕ್ಷನ್ ಬಿತ್ತು. ಸಾಬೀತಾದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಮೀನು ಸಿಕ್ಕಿತು. ಲ್ಯಾಪ್‌ಟಾಪು, ಮೊಬೈಲು ಠಾಣೆಯಲ್ಲೇ ಉಳಿದವು.

"ಬರದು ಕೊಟ್ಟ ಒಪ್ಪಿಗಿ ಇಲ್ದ ಯಾರದೂ ಮುಟ್ಟಬ್ಯಾಡ್ರಿ ಅಂತ ಮೊದಲ್ನೇ ದಿನಾನ ಹೇಳಿದ್ನಲ್ಲವ್ವಾ," ಎಂದರು ಗಿರೀಶ್ ಮೇಷ್ಟ್ರು. "ಸಂಶಯ ಬಂತಂದ್ರ ಕಂಪ್ಯೂಟರ್ ಭದ್ರತಿ ನೋಡೋ ಸರ್ಕಾರದ ಸರ್ಟ್-ಇನ್‌ಗೆ ಒಂದು ಮೇಲ್ ಹಾಕಬೇಕಿತ್ತು. ಇನ್ನೊಬ್ಬರದು ತಗದು ನೋಡಬಾರದಿತ್ತು."

"ಒಳ್ಳೇದಕ್ಕ ನೋಡೀನಿ ಸರ್."

"ಅದು ನನಗ ಗೊತ್ತೈತಿ. ಕೋರ್ಟಿಗೆ ಹೆಂಗ ಗೊತ್ತಾಗಬೇಕು?"

ಹುಬ್ಬಳ್ಳಿಯ ಕಂಪನಿ ಕೇಸಿನ ಸುದ್ದಿ ತಿಳಿದು ಪತ್ರವನ್ನು ಹಿಂಪಡೆಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಯಾರ ವರದಿ ತೆರೆದಿತ್ತೋ ಅವರ ಹೇಳಿಕೆ ಬೇಕೆಂದು ಪೊಲೀಸರು ಕೊಟ್ರಯ್ಯನ ಮನೆಗೆ ಹೋದರು. ಮಗಳು ಮುಚ್ಚಿಟ್ಟಿದ್ದ ಕಾಯಿಲೆ ಅವನಿಗೆ ಗೊತ್ತಾದದ್ದು ಪೇದೆಯ ಬಾಯಿಂದ.

ಆ ಸಂಜೆ ಅವನು ತುಳಸಿಯ ಮನೆ ಬಾಗಿಲಿಗೆ ಬಂದು ನಿಂತ. "ಬಸ್ ಸ್ಟ್ಯಾಂಡಿನ್ಯಾಗ ಮಾತಾಡಿದ್ವಲ್ಲ, ಆಗ್ಲೇ ನಿನಗ ಗೊತ್ತಿತ್ತೇನವ್ವಾ?"

"ಗೊತ್ತಿತ್ತು ಮಾಮಾ. ಹೇಳೋ ಹಕ್ಕು ನನಗಿರಲಿಲ್ಲ."

"ನೋಡೋ ಹಕ್ಕು ಇತ್ತೇನು?"

ಅವನು ಬೈಯಲಿಲ್ಲ, ಶಾಪವನ್ನೂ ಹಾಕಲಿಲ್ಲ. ಗೋಡೆ ಹಿಡಿದುಕೊಂಡು ನಿಧಾನವಾಗಿ ಹೋದ. ದಸರೆಗೆ ಮುಂಚೆ ತೀರಿಕೊಂಡ. ಮಣ್ಣಿಗೆ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ.

ಸೆಂಟರಿನವರು ಸದ್ದಿಲ್ಲದೆ ವೆಬ್‌ಸೈಟ್ ಸರಿಪಡಿಸಿದ್ದಾರೆ. ದುರುದ್ದೇಶವಿತ್ತೆಂದು ಸಾಬೀತು ಮಾಡಲಾಗದು, ಖುಲಾಸೆ ಆಗುತ್ತದೆ ಎನ್ನುತ್ತಾರೆ ವಕೀಲರು. ತುಳಸಿ ಈಗಲೂ ಲಾರಿ ಆಫೀಸಿನಲ್ಲೇ ಇದ್ದಾಳೆ. ಕೇಸಿನ ವಾಯಿದೆ ಇದ್ದಾಗ ಅರ್ಧ ದಿನ ರಜೆ ಹಾಕಿ ಕೋರ್ಟಿಗೆ ಹೋಗಿ, ಹೆಸರು ಕೂಗುವವರೆಗೆ ಹೊರಗೆ ಕಾಯುತ್ತಾಳೆ.