ಗಾಳಿ ಬರುವ ಕೋಣೆ

ಹೆಸರಿಗಷ್ಟೇ ಬಂಗಲೆ. ಮುಂದೊಂದು ಜಗಲಿ, ಎರಡು ಕೋಣೆ, ಹಿಂದೆ ತಗಡು ಹೊದಿಸಿದ ಅಡುಗೆಮನೆ. ಆ ಎರಡರಲ್ಲಿ ಒಂದು ಕೋಣೆಯ ಚಾವಣಿ ಬಿರುಗಾಳಿಗೆ ಹಾರಿಹೋಗಿತ್ತು. ಊರವರು ಇವತ್ತು ನಾಳೆ ಎನ್ನುತ್ತಾ ಅದನ್ನು ಹಾಗೇ ಬಿಟ್ಟಿದ್ದರು. ದ್ವೀಪಕ್ಕೆ ಬಂದವರಿಗೆ ತಂಗಲು ಬೇರೆ ಜಾಗವಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಾ ಅಡುಗೆಮನೆಯಲ್ಲೇ ಸಂಸಾರ ಹೂಡಿದ್ದವಳನ್ನು ಊರೆಲ್ಲ ಬಂಗಲೆ ಅಕ್ಕ ಎನ್ನುತ್ತಿತ್ತು, ಅವಳಿಗಿಂತ ದೊಡ್ಡವರೂ ಸೇರಿ.

ಮನೆಯಲ್ಲಿ ಉಪ್ಪು ಮುಗಿದರೆ ಪಕ್ಕದ ಮನೆಯ ಬಾಗಿಲು ತಟ್ಟದೆ ಸಪ್ಪೆ ಉಣ್ಣುವ ಹೆಂಗಸು ಅವಳು. ಊರವರು ಅದನ್ನು ಸ್ವಾಭಿಮಾನ ಎಂದು ಹೊಗಳುತ್ತಿದ್ದರು. ಅರ್ಧಕ್ಕರ್ಧ ಅದು ಮೊಂಡುತನ.

ಗಂಡ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ದೊಡ್ಡಾಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಬಿಸಿಲೇರಿದರೆ ತಗಡಿನ ಕೆಳಗೆ ಅವನಿಗೆ ಉಸಿರೇ ಸಾಲುತ್ತಿರಲಿಲ್ಲ. ನೋಡಲಾಗದೆ ಊರಿನ ಮುಖ್ಯಸ್ಥನೇ ಬಂದು ಹೇಳಿದ: “ಈ ಸೀಸನ್‌ನಲ್ಲಿ ಯಾರೂ ಬರಲ್ಲಮ್ಮ. ಅವನನ್ನ ಬಂಗಲೆ ಕೋಣೇಲಿ ಮಲಗಿಸು. ಗೆಸ್ಟ್ ಬಂದ್ರೆ ಮಾತ್ರ ಬಿಟ್ಟುಕೊಡು.”

ಕಡಲಿನ ಕಡೆ ಕಿಟಕಿಯಿದ್ದ ಕೋಣೆ. ದಿಂಬಿಗೆ ಒರಗುತ್ತಲೇ ಅವನ ಮುಖಕ್ಕೆ ಕಳೆ ಬಂತು.

“ನಾವೂ ದೊಡ್ಡ ಮನುಷ್ಯರಾದ್ವಿ ನೋಡು. ಟೀ ಎಲ್ಲಿ?” ಎಂದು ಛೇಡಿಸಿದ.

“ಈಗ್ಲೇ ತರ್ತೀನಿ ಸಾಹೇಬ್ರೆ,” ಎಂದು ಅವಳೂ ನಕ್ಕಳು.

ಬಹಳ ಕಾಲದ ಮೇಲೆ ಅವನಿಗೆ ಕಣ್ತುಂಬ ನಿದ್ದೆ ಬಂತು. ಇರುವಷ್ಟು ದಿನ ಅವನು ಇಲ್ಲೇ ಸುಖವಾಗಿ ಉಸಿರಾಡಿಕೊಂಡಿರಲಿ, ಅವಳಿಗೆ ಇನ್ನೇನೂ ಬೇಕಿರಲಿಲ್ಲ.

ಆದರೆ ಕೈಗೆ ಹತ್ತಿದ ಅಭ್ಯಾಸ ಕೇಳಬೇಕಲ್ಲ. ದ್ವೀಪದಲ್ಲಿ ಫೋನು ಇದ್ದೂ ಇಲ್ಲದ ಹಾಗೆ. ಗೆಸ್ಟ್ ಹೋದ ಮೇಲೆ ಅಕ್ಕ ಬೆಡ್‌ಶೀಟ್ ಒಗೆದು ಮುಂದಿನ ತಂತಿಗೆ ಹಾಕುತ್ತಿದ್ದಳು. ದೋಣಿಯವನು ಅದನ್ನು ಕಡಲಿನಿಂದಲೇ ನೋಡಿ, ಕೋಣೆ ಖಾಲಿಯಿದೆ ಎಂದು ತಿಳಿದು ಆಚೆ ದಡದಲ್ಲಿ ಕಾಯುವವರನ್ನು ಕರೆತರುತ್ತಿದ್ದ. ಈಗ ಗಂಡನ ಬೆವರಿಗೆ ದಿನಾ ಬೆಡ್‌ಶೀಟ್ ಒಗೆಯಬೇಕಾಯಿತು. ಒಗೆದದ್ದನ್ನು ಅವಳು ಏನೂ ಯೋಚಿಸದೆ ಅದೇ ತಂತಿಗೆ ಹಾಕಿಬಿಟ್ಟಳು.

ದೋಣಿ ಬಂತು. ವಯಸ್ಸಾದ ಗಂಡ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದರು.

“ತಂತಿ ಮೇಲೆ ಬಟ್ಟೆ ಕಾಣಿಸ್ತು, ಕರ್ಕೊಂಡು ಬಂದೆ ಅಕ್ಕ,” ಎಂದ ದೋಣಿಯವನು.

ಅಕ್ಕ ತಂತಿಯತ್ತ ತಿರುಗಿ ನೋಡಿದಳು. ಮುಂದಿನ ವಾರದವರೆಗೆ ಬೇರೆ ದೋಣಿಯಿಲ್ಲ. “ಜಗಲಿ ಮೇಲೆ ಕೂತಿರಿ, ಕೋಣೆ ಗುಡಿಸಿಬಿಡ್ತೀನಿ,” ಎಂದು ಅವರಿಗೆ ಹೇಳಿ, ದೋಣಿಯವನನ್ನು ಹಿಂಬಾಗಿಲಿಗೆ ಕರೆದಳು.

ಮಂಚದ ಮೇಲಿದ್ದವನನ್ನು ನೋಡಿ ದೋಣಿಯವನ ಮುಖ ಸಣ್ಣದಾಯಿತು. “ಅವರಿಗೆ ಒಂದು ಮಾತು ಹೇಳ್ಲಾ ಅಕ್ಕ?”

“ಬಾಯಿ ಮುಚ್ಕೊಂಡು ಕಾಲು ಹಿಡ್ಕೋ, ಅಡುಗೆಮನೆಗೆ ಎತ್ಕೊಂಡು ಹೋಗೋಣ,” ಎಂದಳು.

“ಬಂದವರನ್ನ ಕಾಯಿಸಬೇಡಿ, ನಡೀರಿ,” ಎಂದ ಗಂಡ. ಅವನೂ ಅವಳಿಗೆ ತಕ್ಕವನೇ.

ಬಂದ ಅಮ್ಮ ಒಳ್ಳೆಯವರು. ಬೆಳಿಗ್ಗೆ ಕಿಟಕಿಯಲ್ಲಿ ನಿಂತು, “ಎಂಥಾ ಗಾಳಿ ಅಲ್ವಾ, ಇಲ್ಲೇ ಇದ್ದುಬಿಡೋಣ ಅನಿಸುತ್ತೆ,” ಎಂದರು. “ಇರಿ ಅಮ್ಮ,” ಎಂದಳು ಅಕ್ಕ. ಹಿಂದೆ ಯಾರೋ ಕೆಮ್ಮುತ್ತಾರಲ್ಲ ಎಂದು ಕೇಳಿದ್ದಕ್ಕೆ, “ನಮ್ಮನೆಯವರು. ಹಳೇ ಕೆಮ್ಮು,” ಎಂದು ಮಾತು ಮುಗಿಸಿದಳು. ತಗಡಿನ ಮೇಲೆ ಗೋಣಿಚೀಲ ಹರಡಿ ನೀರು ಸುರಿದಳು. ರಟ್ಟೆ ಬೀಳುವವರೆಗೆ ಬೀಸಣಿಗೆ ಬೀಸಿದಳು. ಅವನು ಬೇಡವೆಂದು ಕೈ ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ.

ಮುಂದಿನ ದೋಣಿ ಬರುವ ಮುಂಚೆಯೇ ಒಂದು ಮಧ್ಯಾಹ್ನ, ತಗಡು ಕಾದು ಚಟಪಟ ಎನ್ನುವ ಹೊತ್ತಿಗೆ, ಅವನ ಉಸಿರು ನಿಂತಿತು.

ಸುದ್ದಿ ತಿಳಿದು ಆ ಅಮ್ಮ ಅಡುಗೆಮನೆಗೆ ಓಡಿಬಂದರು. ಒಳಗೆ ಕಾಲಿಟ್ಟವರಿಗೆ ಆ ಧಗೆ ಮುಖಕ್ಕೆ ಬಡಿಯಿತು. ಅಕ್ಕ ಅತ್ತಿರಲಿಲ್ಲ. ಗಂಡನ ಕೈಕಾಲು ನೇರ ಮಾಡುತ್ತಿದ್ದಳು.

“ಈ ಧಗೇಲಾ ಇವರನ್ನ ಮಲಗಿಸಿದ್ದು?” ಎಂದು ಅಮ್ಮ ಅವಳ ಭುಜ ಹಿಡಿದರು. “ಒಂದು ಮಾತು ಹೇಳಬಾರದಿತ್ತಾ ತಾಯಿ? ನಾವು ಜಗಲಿ ಮೇಲೆ ಮಲಗ್ತಿದ್ವಿ.”

ಅವರ ದನಿಯಲ್ಲಿ ದೂರಿರಲಿಲ್ಲ, ಸಂಕಟವಿತ್ತು. ಅಕ್ಕ ತಲೆಯೆತ್ತಿ ಅವರ ಮುಖವನ್ನೇ ನೋಡಿದಳು.

“ಕೇಳಿದ್ರೆ ಕೊಡ್ತಿದ್ರಾ?”

“ಕೊಡದೆ ಇರ್ತೀವಾ?”

ಅಕ್ಕ ಗಂಡನ ಪಾದ ಹಿಡಿದುಕೊಂಡು ನೆಲಕ್ಕೆ ಕುಸಿದಳು.