ದೀಪ ಹತ್ತುವ ಚಂದ್ರಿಕೆ

ಹುತ್ತೂರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಕೋದಂಡರಾಮಪ್ಪನವರಿಗೆ ಒಂದೇ ಹುಚ್ಚು. ತರಗತಿಯಲ್ಲಿ ಒಂದು ಮಗುವೂ ಸುಮ್ಮನೆ ಕೂರಬಾರದು. ಮುಂದಿನ ಸಾಲಿನವರು ಕೂಗಿದರೆ ಪಾಠವಾಯಿತು ಅಂದುಕೊಳ್ಳುವ ಮೇಷ್ಟ್ರಲ್ಲ. ಉಣ್ಣುವಾಗಲೂ ಅದೇ ಮಾತು. ಹೆಂಡತಿ ಶಾಮಲಮ್ಮ ರೇಷ್ಮೆಹುಳ ಸಾಕುವವಳು. ಸೊಪ್ಪು ಹೆಚ್ಚುತ್ತಾ ಹೂಂ ಅನ್ನುತ್ತಿದ್ದಳು.

ಎಂಬತ್ತೊಂದನೇ ಇಸವಿ ಶಿವರಾತ್ರಿ ಹೊತ್ತಿಗೆ ಕೋಲಾರದಿಂದ ಟಾರ್ಚಿನ ಬಲ್ಬು, ಶೆಲ್ಲು, ತಂತಿ ತಂದರು. ಅಟ್ಟದ ಮೇಲಿದ್ದ ಒಂದು ಚಂದ್ರಿಕೆಯನ್ನು, ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯನ್ನು, ಶಾಲೆಗೆ ಹೊತ್ತರು. ಮಗುವಿಗೊಂದು ಬಲ್ಬು ಅದಕ್ಕೆ ಕಟ್ಟಿ, ತಂತಿಯ ಎರಡು ತುದಿ ಮಗುವಿನ ಕೈಗೆ ಕೊಟ್ಟರು. ಬೋರ್ಡಿನ ಮೇಲೆ ಬರೆದ ಉತ್ತರಗಳನ್ನು ಅವರು ಒಂದೊಂದಾಗಿ ಮುಟ್ಟುವುದು, ಸರಿ ಅನ್ನಿಸಿದ್ದಕ್ಕೆ ಮಗು ತುದಿ ಸೇರಿಸುವುದು. ದೀಪದ ಮುಖ ಮೇಷ್ಟ್ರ ಕಡೆಗೆ. ತಪ್ಪಿದವರನ್ನು ನೋಡಿ ಯಾರೂ ನಗುವಂತಿಲ್ಲ.

ಜೊತೆಯ ಮೇಷ್ಟ್ರು ಶ್ರೀರಾಮಪ್ಪ, ಟೆಂಟ್ ಸಿನಿಮಾಕ್ಕೆ ಟಿಕೆಟ್ ಎಷ್ಟು ಅಂತ ಕೇಳಿದರು. ಇವರು ತಲೆ ಕೆಡಿಸಿಕೊಳ್ಳಲಿಲ್ಲ.

ಇದೆಲ್ಲ ಹೆಚ್ಚಾಗಿ ಚಿಕ್ಕಗಂಗಮ್ಮನಿಗಾಗಿ. ರಾಯಲ್ಪಾಡಿನ ಹುಡುಗಿ, ಹುತ್ತೂರಿನ ಸೋದರತ್ತೆ ಮನೆಯಲ್ಲಿದ್ದು ಓದುತ್ತಿದ್ದಳು. ಮನೆಮಾತು ತೆಲುಗು. ಬಂದ ಹೊಸದರಲ್ಲಿ ಅವಳ ಕನ್ನಡಕ್ಕೆ ಎಲ್ಲರೂ ನಕ್ಕಿದ್ದರು. ಆಮೇಲೆ ಬಾಯಿ ಬಿಡಲಿಲ್ಲ. ಮೂಗಿಗೆ ಶಾಲೆ ಯಾಕೆ, ಯುಗಾದಿಯೊಳಗೆ ಮಾವಿನ ತೋಟದ ಕೆಲಸಕ್ಕೆ ಕರಕೊಂಡು ಹೋಗ್ತೀನಿ ಅಂತ ಅಪ್ಪ ಮುನಿರಾಮಪ್ಪ ಹೇಳಿ ಕಳಿಸಿದ್ದ. ಈಗ ದಿನಾ ಚಂದ್ರಿಕೆಯ ಮೂಲೆಯಲ್ಲಿ ಅವಳ ದೀಪ ಹತ್ತುತ್ತಿತ್ತು, ಅದೂ ಸರಿಯಾದ ಉತ್ತರಕ್ಕೇ. ಅದನ್ನು ಹೇಳುವಾಗ ಮೇಷ್ಟ್ರು ಊಟ ಮರೆಯುತ್ತಿದ್ದರು.

ಹುಳ ಹಣ್ಣಾಗಲು ಇನ್ನೂ ದಿನವಿದೆ ಅಂತ ಮೇಷ್ಟ್ರ ಲೆಕ್ಕ. ಆ ಲೆಕ್ಕ ತಪ್ಪಿತು. ಬಿಸಿಲಿಗೆ ಹುಳ ಬೇಗ ಹಣ್ಣಾದವು. ಇದ್ದ ಚಂದ್ರಿಕೆಗಳೆಲ್ಲ ತುಂಬಿ, ಉಳಿದ ಹುಳ ತಟ್ಟೆಯಲ್ಲಿ ತಲೆಯೆತ್ತಿ ನೂಲು ಬಿಡತೊಡಗಿದವು. ಶಾಮಲಮ್ಮ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ನಡೆದಳು.

ಅಲ್ಲಿ ಮಗಳನ್ನು ಕರಕೊಂಡು ಹೋಗಲು ಬಂದ ಮುನಿರಾಮಪ್ಪ ಮೇಷ್ಟ್ರ ಪಕ್ಕ ನಿಂತಿದ್ದ. ಮಗಳ ದೀಪ ಹತ್ತಿದ್ದನ್ನು ನೋಡಿ, "ದೀಪ ಹತ್ತಿದ್ರೆ ಬುದ್ಧಿ ಬಂದಂಗಾ ಸಾಮಿ? ಬಾಯಿ ಎಲ್ಲಿ?" ಅಂದ.

"ಮೊದ್ಲು ನನ್ನ ಚಂದ್ರಿಕೆ ಎಲ್ಲಿ ಹೇಳಿ," ಅಂದಳು ಶಾಮಲಮ್ಮ. "ಹುಳ ಹಣ್ಣಾಗವೆ."

ಹಣ್ಣಾದ ಹುಳ ಕಾಯುವುದಿಲ್ಲ ಅಂತ ಆ ಊರಿನ ಮಕ್ಕಳಿಗೂ ಗೊತ್ತು. ಮೇಷ್ಟ್ರು ಬಲ್ಬು ಬಿಚ್ಚಿ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದರು. ಕೈ ಒರೆಸಿಕೊಂಡು ಬೋರ್ಡಿಗೆ ತಿರುಗಿ, ಹದಿನೇಳು ಐದಲಿ ಎಷ್ಟು ಅಂತ ಬರೆದರು. ಉತ್ತರ ಯಾವುದನ್ನೂ ಬರೆಯಲಿಲ್ಲ.

ಹಿಂದಿನ ಸಾಲಿನಲ್ಲಿ ಚಿಕ್ಕಗಂಗಮ್ಮ ತಂತಿಯ ತುದಿಗಳನ್ನು ಸೇರಿಸಿ ಹಿಡಿದೇ ಇದ್ದಳು. ದೀಪ ಇಲ್ಲ. ಇನ್ನೊಂದು ಸಲ ಒತ್ತಿದಳು. ಆಮೇಲೆ ಎದ್ದು ನಿಂತಳು.

"ಎನಭೈ ಐದು," ಅಂದಳು, ಅರ್ಧ ತೆಲುಗಿನಲ್ಲಿ.

ಯಾರೋ ಕಿಸಕ್ಕೆಂದರು. ಅವಳು ಆ ಕಡೆ ತಿರುಗಿ, "ಎಂಬತ್ತೈದು. ಈಗ ತಿಳೀತಾ?" ಅಂದಳು.

ಮುನಿರಾಮಪ್ಪ ಮಗಳನ್ನು ಬಾ ಅನ್ನಲಿಲ್ಲ. ಟವೆಲ್ಲನ್ನು ಸಿಂಬೆ ಸುತ್ತಿ ಚಂದ್ರಿಕೆಯನ್ನು ತಲೆಗೇರಿಸಿಕೊಂಡು ಶಾಮಲಮ್ಮನಿಗೆ, "ನಡೀಯಮ್ಮಾ, ಮನೆ ತೋರಿಸು," ಅಂದ.

ಆ ಸಂಜೆ ಊಟದ ಹೊತ್ತಿಗೆ ಮೇಷ್ಟ್ರು ಮೆಲ್ಲಗೆ ಶುರುಮಾಡಿದರು.

"ಗೂಡು ಬಿಡಿಸಿದ ಮೇಲೆ ಚಂದ್ರಿಕೆ ಮತ್ತೆ ಕೊಡ್ತೀಯೇನೇ?"

"ಮುಂದಿನ ಹುಳಕ್ಕೆ ಮುಂಚೆ ತಂದ್ರೆ ಕೊಡ್ತೀನಿ."

ಕೊಟ್ಟಳು. ಪ್ರತಿ ಬೆಳೆ ಮುಗಿದ ಮೇಲೂ ಕೊಟ್ಟಳು.

ಎಂಬತ್ತೇಳರಲ್ಲಿ ಮೇಷ್ಟ್ರು ತೀರಿಕೊಂಡರು. ಎದೆನೋವು ಅಂದರು, ಅಷ್ಟೇ. ಹೈಸ್ಕೂಲು ಮುಗಿಸಿದ್ದ ಚಿಕ್ಕಗಂಗಮ್ಮ ಬಂದಳು. ಅತ್ತದ್ದು ಕಡಿಮೆ, ಮಾತಾಡಿದ್ದು ಹೆಚ್ಚು. ಹೊತ್ತು ಮುಳುಗುವ ತನಕ ಮೇಷ್ಟ್ರ ಲೆಕ್ಕದ ಪಾಠದ ಕಥೆ ಹೇಳುತ್ತಲೇ ಇದ್ದಳು. ಶಾಮಲಮ್ಮ ಸೊಪ್ಪು ಹೆಚ್ಚುತ್ತಾ ಹೂಂ ಅಂದಳು.